ಐದನೇ ಮೌತ್‌ಪೀಸ್

(ಹೆಸರು, ಕೆಲಸದ ಜಾಗ, ಮನೆಯ ವಿವರ ಬದಲಿಸಿದ್ದೇನೆ. ಬರೆಯುವುದಕ್ಕೆ ದಂಪತಿಗಳ ಒಪ್ಪಿಗೆ ಇದೆ.)

ಶರಣಪ್ಪ ಎಂದಿಟ್ಟುಕೊಳ್ಳೋಣ. ಮೂವತ್ತು ದಾಟಿದ ವಯಸ್ಸು. ಕಲಬುರಗಿಯಲ್ಲಿ ಸಮವಸ್ತ್ರದ ಬ್ಯಾಂಡೊಂದರಲ್ಲಿ ನೌಕರಿ. ಆಪ್ತಸಲಹೆಗೆಂದು ನನ್ನ ಬಳಿ ಅವರು ತಾವಾಗಿ ಬಂದವರಲ್ಲ, ಹೆಂಡತಿ ಕರೆತಂದಿದ್ದರು. ದೂರು ಹೇಳಿದ್ದೂ ಹೆಂಡತಿಯೇ.

"ನೋಡ್ರೀ ಮೇಡಂ, ಪೀಪಿ ತುದಿಗಿ ಹಚ್ಚೋ ಒಂದು ತುಂಡಿಗಿ ನನ್ನ ಬೆಂಡೋಲಿ ಗಿರ್ವಿ ಇಡ್ತೀನಿ ಅಂತಾರ. ನಾಕು ಆಗ್ಯಾವ್ರೀ ಈಗಾಗಲೇ. ಪ್ರತೀ ಸಲ ಇದೊಂದು ಬಂದ್ರ ಸಾಕು ಅಂತಾರ."

ಶರಣಪ್ಪ ತಲೆ ಎತ್ತಲಿಲ್ಲ. ಮಾತಾಡಿಸಿದಾಗ ಹೊರಬಿದ್ದದ್ದು ಇಷ್ಟು. ರಾತ್ರಿ ನಿದ್ದೆ ಇಲ್ಲ, ಎಡ ದವಡೆ ನೋವು, ಎರಡು ಗಂಟೆಯವರೆಗೆ ಮೊಬೈಲಿನಲ್ಲಿ ಮೌತ್‌ಪೀಸ್ ಹುಡುಕಾಟ. ತಾಲೀಮಿನ ದಿನ ಬೆಳಿಗ್ಗೆ ಹೊಟ್ಟೆ ಕೆಡುತ್ತದೆ. ಸಹೋದ್ಯೋಗಿಯೊಬ್ಬರಿಂದ ಕೈಗಡ ಪಡೆದಿದ್ದಾರೆ, ಅದನ್ನು ಹೆಂಡತಿಗೆ ಹೇಳಿರಲಿಲ್ಲ. ಸಾಯುವ ಯೋಚನೆ ಬರುತ್ತದೆಯೇ ಎಂದು ಎಲ್ಲರಿಗೂ ಕೇಳುವಂತೆ ಅವರಿಗೂ ಕೇಳಿದೆ. ಇಲ್ಲ ಎಂದರು. "ವರ್ಗ ಮಾಡಿಸ್ಕೊಂಡು ಹೋಗಿಬಿಡಬೇಕು ಅನಸ್ತದ್ರೀ" ಎಂದರು.

ಈ ಬೆಳಕಿನಲ್ಲಿ ನೋಡಬೇಕಾದ ಹಿನ್ನೆಲೆ ಒಂದಿದೆ. ವರ್ಷಗಟ್ಟಲೆ ಅವರು ಊದಿದ್ದು ಬಿ-ಫ್ಲಾಟ್ ಕ್ಲಾರಿನೆಟ್. ಸಾಲಿನಲ್ಲಿ ಅದೇ ವಾದ್ಯದವರು ಹಲವರು. ಒಬ್ಬರ ಸ್ವರ ಜಾರಿದರೆ ಪಕ್ಕದವರದು ಮುಚ್ಚುತ್ತದೆ. ಅದಕ್ಕಿಂತ ಚಿಕ್ಕದಾದ, ಏರುಶ್ರುತಿಯ ಇ-ಫ್ಲಾಟ್ ಕ್ಲಾರಿನೆಟ್ ಊದುತ್ತಿದ್ದ ಹಿರಿಯರು ನಿವೃತ್ತರಾದ ಮೇಲೆ ಆ ಪುಟ್ಟ ವಾದ್ಯ ಇವರ ಕೈಗೆ ಬಂತು. ಬಿ-ಫ್ಲಾಟ್ ಸುಮಾರು 66 ಸೆಂಟಿಮೀಟರ್ ಉದ್ದವಿದ್ದರೆ ಇದು 49ರ ಆಸುಪಾಸು. ಬೆರಳಿಡುವ ಕ್ರಮ ಒಂದೇ. ಆದರೆ ಬಿ-ಫ್ಲಾಟ್‌ನಲ್ಲಿ ಸಾ ಕೇಳಿಸುವ ಬೆರಳಿಗೆ ಇದರಲ್ಲಿ ಮಾ ಕೇಳಿಸುತ್ತದೆ. ತೂತುಗಳು ಹತ್ತಿರ, ಬೆರಳಿಗೆ ಇಕ್ಕಟ್ಟು. ಸಾಮಾನ್ಯವಾಗಿ ಬ್ಯಾಂಡಿಗೆ ಇದು ಒಂದೇ ಇರುತ್ತದೆ. ಎಲ್ಲ ವಾದ್ಯಗಳ ತಲೆಯ ಮೇಲೆ ಇದರ ಸ್ವರ ಹಾಯುತ್ತದೆ, ಮರೆಗೆ ಯಾರೂ ಇಲ್ಲ. ಕೀರಲು ಅದರ ಹುಟ್ಟುಗುಣವೇ. ಫ್ರಾನ್ಸಿನ ಬರ್ಲಿಯೋಜ್ 1830ರ ತನ್ನ ಸಿಂಫನಿಯ ಕೊನೆಯ ಭಾಗದಲ್ಲಿ ಪ್ರೇಯಸಿಯ ರಾಗವನ್ನು ಅಣಕಿಸಿ ವಿಕಾರ ಮಾಡಲು ಬೇಕೆಂದೇ ಈ ವಾದ್ಯಕ್ಕೆ ಕೊಟ್ಟಿದ್ದಾನೆ.

ಹೊಸ ವಾದ್ಯ ಕೈಗೆ ಬಂದ ಮೊದಲ ವಾರಗಳಲ್ಲಿ ತಾಲೀಮಿನಲ್ಲಿ ಒಮ್ಮೆ ಕಿರ್ರೆಂದಿತು. ಯಾರೋ ನಕ್ಕರು. ಅವತ್ತು ರಾತ್ರಿಯೇ ಮೊದಲ ಆರ್ಡರ್.

ಇಂಥ ಪ್ರಕರಣದಲ್ಲಿ ಸಲಹೆಗಾರರಿಗೆ ಬಾಯಿಗೆ ಬರುವ ಮೊದಲ ಮಾತು "ಮೌತ್‌ಪೀಸ್‌ನಲ್ಲಿ ಏನೂ ಇಲ್ಲ, ಎಲ್ಲ ನಿಮ್ಮ ಮನಸ್ಸಿನಲ್ಲಿದೆ" ಎನ್ನುವುದು. ನಾನು ಅದಕ್ಕೆ ಹೋಗುವುದಿಲ್ಲ. ಕಸುಬಿನವನಿಗೆ ಅವನ ಹತ್ಯಾರದ ಬಗ್ಗೆ ಪರೀಕ್ಷೆ ಮಾಡದೆ ತೀರ್ಪು ಕೊಟ್ಟರೆ ಅವನು ಮರುವಾರ ಬರುವುದೇ ಇಲ್ಲ, ಬರಬೇಕಾಗಿಯೂ ಇಲ್ಲ. ಆದ್ದರಿಂದ ಶರಣಪ್ಪನವರ ಒಪ್ಪಿಗೆ ಪಡೆದು ನಿವೃತ್ತ ಬ್ಯಾಂಡ್‌ಮಾಸ್ಟರ್ ಒಬ್ಬರನ್ನು ಕರೆಸಿದೆ. ಇಡೀ ಊರಿನ ಬ್ಯಾಂಡಿನವರಿಗೆ ಅವರು ಉಸ್ತಾದರು, ನಾನೂ ಹಾಗೇ ಕರೆಯುತ್ತೇನೆ. ಬರುವಾಗ ನಾಲ್ಕೂ ಮೌತ್‌ಪೀಸ್, ಇದ್ದ ರೀಡುಗಳೆಲ್ಲ (ಮೌತ್‌ಪೀಸಿಗೆ ಕಟ್ಟುವ, ಊದಿದಾಗ ಕಂಪಿಸಿ ಸ್ವರ ಹುಟ್ಟಿಸುವ ತೆಳು ಪಟ್ಟಿಗಳು) ತರಬೇಕೆಂದು ಶರಣಪ್ಪನವರಿಗೆ ಹೇಳಿದ್ದೆ.

ಉಸ್ತಾದರು ಮೊದಲು ಊದಿಸಲೇ ಇಲ್ಲ. ರೀಡನ್ನು ಬಾಯಲ್ಲಿ ನೆನೆಸಿ ಮೌತ್‌ಪೀಸಿಗೆ ಕಟ್ಟಿ, ಹಿಂಬದಿಯ ತೂತನ್ನು ಅಂಗೈಯಿಂದ ಮುಚ್ಚಿ, ತುದಿಯಿಂದ ಗಾಳಿ ಹೀರಿ ಬಾಯಿ ತೆಗೆದರು. ಚೆನ್ನಾಗಿದ್ದರೆ ರೀಡು ಒಂದು ಕ್ಷಣ ಅಂಟಿಕೊಂಡು ಆಮೇಲೆ 'ಟಪ್' ಎಂದು ಬಿಡುತ್ತದೆ. ಬ್ಯಾಂಡಿನ ಸ್ಟೋರಿನಿಂದ ವಾದ್ಯದ ಜೊತೆಗೇ ಬಂದ ಮೊದಲನೆಯದು ಎಷ್ಟು ಹೀರಿದರೂ ಹಿಡಿಯಲಿಲ್ಲ. ಕಿಟಕಿಯ ಬೆಳಕಿಗೆ ಓರೆ ಹಿಡಿದು ತೋರಿಸಿದರು: ರೀಡು ಕೂರುವ ಎರಡು ಅಂಚುಗಳಲ್ಲಿ ಬಲಗಡೆಯದಕ್ಕೆ ಉಗುರಿಗೆ ತಾಕುವಷ್ಟು ಕಚ್ಚು. "ಇದರಾಗ ದೇವರು ಬಂದು ಊದಿದ್ರೂ ಚೀರ್ತದ" ಎಂದರು. ಶರಣಪ್ಪ ಆ ಹೊತ್ತು ಅತ್ತುಬಿಟ್ಟರು. ತಿಂಗಳುಗಟ್ಟಲೆ ತನ್ನ ತುಟಿಯದೇ ತಪ್ಪು ಎಂದುಕೊಂಡಿದ್ದ ಮನುಷ್ಯ.

ಎರಡನೆಯದು ಆನ್‌ಲೈನಿನಲ್ಲಿ ತರಿಸಿದ ಅಗ್ಗದ ಪ್ಲಾಸ್ಟಿಕ್ಕು. ಬ್ಯಾರೆಲ್ಲಿನಲ್ಲಿ, ಅಂದರೆ ಮೌತ್‌ಪೀಸ್ ಸಿಕ್ಕಿಸುವ ಗಿಡ್ಡ ಕೊಳವೆಯಲ್ಲಿ, ಅಲ್ಲಾಡುತ್ತಿತ್ತು. ಕಾರ್ಕಿನ ಮೇಲೆ ಶರಣಪ್ಪ ದಾರ ಸುತ್ತಿದ್ದರು. ದಾರದಿಂದ ಸಡಿಲು ನಿಲ್ಲುತ್ತದೆ, ಶ್ರುತಿ ನಿಲ್ಲುವುದಿಲ್ಲ. ಮೌತ್‌ಪೀಸಿನ ಒಳಗಿನ ಪೊಳ್ಳು ದೊಡ್ಡದಾದಷ್ಟೂ ಶ್ರುತಿ ಇಳಿಯುತ್ತದೆ, ಚಿಕ್ಕದಾದಷ್ಟೂ ಏರುತ್ತದೆ. ಇದರದು ಏರುತ್ತಿತ್ತು. ಬ್ಯಾರೆಲ್ ತುಸು ಹೊರಗೆಳೆದು, ವಾದ್ಯದ ಉದ್ದ ಹೆಚ್ಚಿಸಿ ಶ್ರುತಿ ಇಳಿಸಿಕೊಳ್ಳಬಾರದೇ ಎಂದು ನಾನು ಕೇಳಿದ್ದಕ್ಕೆ ಉಸ್ತಾದರು ಕೊಟ್ಟ ಉತ್ತರ ಈ ಇಡೀ ವಿಷಯದಲ್ಲಿ ಮುಖ್ಯವಾದದ್ದು ಎಂದು ನನಗೆ ತೋರುತ್ತದೆ. ವಾದ್ಯ ಗಿಡ್ಡ, ಆದ್ದರಿಂದ ಒಂದು ಮಿಲಿಮೀಟರ್ ಎಳೆದರೂ ಬಿ-ಫ್ಲಾಟ್‌ಗಿಂತ ಹೆಚ್ಚು ಇಳಿಯುತ್ತದೆ. ಅದೂ ಎಲ್ಲ ಸ್ವರಗಳು ಸಮನಾಗಿ ಇಳಿಯುವುದಿಲ್ಲ. ತೂತುಗಳೆಲ್ಲ ತೆರೆದಿರುವ ಮೇಲ್ಗಡೆಯ ಸ್ವರಗಳು ಬಹಳ ಇಳಿಯುತ್ತವೆ, ಎಲ್ಲ ಮುಚ್ಚಿ ಊದುವ ಸ್ವರಗಳು ಸ್ವಲ್ಪವೇ. ಒಂದು ಕಡೆ ಸರಿಮಾಡಲು ಹೋಗಿ ಇನ್ನೊಂದು ಕಡೆ ಕೆಡುತ್ತದೆ. ಹಾಗಾಗಿ ಇ-ಫ್ಲಾಟ್‌ನ ಮೌತ್‌ಪೀಸನ್ನು ಮೊದಲು ಶ್ರುತಿಗೆ ಆರಿಸಬೇಕು, ದನಿಯ ಚಂದ ಆಮೇಲೆ.

ಮೂರು ಮತ್ತು ನಾಲ್ಕು ಎರಡೂ ಎಬೊನೈಟಿನ (ಗಟ್ಟಿ ರಬ್ಬರಿನ) ವಿದೇಶಿ ಮಾಲು, ಎರಡೂ 'ಟಪ್' ಎಂದವು. ಮೂರನೆಯದರ ತುದಿಗೂ ರೀಡಿನ ತುದಿಗೂ ನಡುವಿನ ಸಂದು ಅಗಲ. ಈ ಸಂದು ಒಂದು ಮಿಲಿಮೀಟರಿನ ಆಸುಪಾಸಿನ ವ್ಯವಹಾರ. ಅದರಲ್ಲಿ ಹತ್ತನೇ ಒಂದು ಪಾಲು ಹೆಚ್ಚುಕಡಿಮೆಯಾದರೂ ತುಟಿಗೆ ಗೊತ್ತಾಗುತ್ತದೆ. ಸಂದು ಅಗಲವಿದ್ದರೆ ಮೆದು ರೀಡು, ಕಿರಿದಿದ್ದರೆ ಗಟ್ಟಿ ರೀಡು ಎಂಬುದು ಬ್ಯಾಂಡಿನವರಿಗೆಲ್ಲ ತಿಳಿದ ಲೆಕ್ಕ. ಶರಣಪ್ಪ ಹಳೆಯ ಅಭ್ಯಾಸಕ್ಕೆ ಅಗಲ ಸಂದಿಗೆ ಗಟ್ಟಿ ರೀಡು ಹಾಕಿ, ಮೇಲಿನ ಸ್ವರ ಹಿಡಿಯಲು ಕಚ್ಚುತ್ತಿದ್ದರು. ದವಡೆ ನೋವಿನ ಒಂದು ಮೂಲ ಅಲ್ಲಿತ್ತು. ನಾಲ್ಕನೆಯದು ಕಿರಿದು, ಶ್ರುತಿಯಲ್ಲಿ ಸಮ. ಅದನ್ನು ಬಿಟ್ಟದ್ದೇಕೆ? ಬಂದ ರಾತ್ರಿ ಚೀರಿತಂತೆ. ಅವತ್ತು ಕಟ್ಟಿದ್ದು ಯಾವ ರೀಡು ಎಂದು ಉಸ್ತಾದರು ಕೇಳಿದರು. ಬೇಸಿಗೆಯಿಡೀ ತಗಡಿನ ಟ್ರಂಕಿನಲ್ಲಿ ಒಣಗಿದ್ದ ಹಳೆಯದು. ನಮ್ಮ ಏಪ್ರಿಲ್, ಮೇ ಬಿಸಿಲಿಗೆ ಜೊಂಡಿನ ರೀಡಿನ ತುದಿ ಹಪ್ಪಳದ ಹಾಗೆ ಅಲೆಅಲೆಯಾಗುತ್ತದೆ. ಚೀರಿದ್ದು ರೀಡು, ಶಿಕ್ಷೆ ಆದದ್ದು ಮೌತ್‌ಪೀಸಿಗೆ.

ಇನ್ನೊಂದು ಪರೀಕ್ಷೆ ನಡೆಯಿತು. ಉಸ್ತಾದರು ಗೋಡೆಗೆ ಮುಖ ಮಾಡಿ ಕುಳಿತರು. ಶರಣಪ್ಪ ಮೂರು, ನಾಲ್ಕನ್ನು ಮನಸ್ಸಿಗೆ ಬಂದ ಕ್ರಮದಲ್ಲಿ ಬದಲಿಸುತ್ತ ಒಂದೇ ಸಾಲು ಊದಿದರು, ಒಂದೊಂದಕ್ಕೂ ಅದಕ್ಕೆ ಹೊಂದುವ ಹೊಸ ರೀಡಿನೊಂದಿಗೆ. ದನಿಯಲ್ಲಿ ಯಾವುದು ಯಾವುದೆಂದು ಉಸ್ತಾದರಿಗೆ ಹೇಳಲಾಗಲಿಲ್ಲ. ಶರಣಪ್ಪನವರಿಗೆ ಮಾತ್ರ ಆಕಾಶ ಭೂಮಿ ವ್ಯತ್ಯಾಸ ಕೇಳುತ್ತಿತ್ತು. ಇದಕ್ಕೆ ಕಾರಣವಿದೆ. ಮೇಲಿನ ಹಲ್ಲು ಮೌತ್‌ಪೀಸಿನ ಮೇಲೆ ಕೂತಿರುತ್ತದೆ, ಕಂಪನ ಹಲ್ಲಿನಿಂದ ತಲೆಬುರುಡೆಗೆ ನೇರ ಹೋಗುತ್ತದೆ. ಊದುವವನಿಗೆ ಕೇಳುವ ಕೀರಲು ಮೈದಾನದಲ್ಲಿ ನಿಂತವನಿಗೆ ಅಷ್ಟು ಕೇಳುವುದಿಲ್ಲ.

ಇಲ್ಲಿಗೆ ನಾಲ್ಕರಲ್ಲಿ ಎರಡು ನಿಜಕ್ಕೂ ಕೆಟ್ಟವು, ಒಂದು ಹೊಂದದ್ದು, ಒಂದು ಒಳ್ಳೆಯದು ಎಂದಾಯಿತು. ಹಾಗಿದ್ದರೆ ಐದನೆಯದು ಯಾಕೆ ಬೇಕಾಗಿತ್ತು? ನನ್ನ ಕೆಲಸ ಶುರುವಾದದ್ದು ಈ ಪ್ರಶ್ನೆಯಿಂದ.

ಆರ್ಡರ್ ಒತ್ತಿದ ರಾತ್ರಿ ಶರಣಪ್ಪನವರಿಗೆ ಚೆನ್ನಾಗಿ ನಿದ್ದೆ ಬರುತ್ತಿತ್ತು. ಪಾರ್ಸೆಲ್ ಬರುವವರೆಗೆ ತಾಲೀಮಿನಲ್ಲಿ ಮೆಲ್ಲಗೆ ಊದಿದರೂ ನಡೆಯುತ್ತದೆ, "ಹೊಸದು ಬರ್ಲಾಕತ್ತದ" ಎಂಬ ನೆಪ ಇತ್ತು. ಬಂದ ಮೇಲೆ ಎರಡು ದಿನ ಉಮೇದು. ಒಮ್ಮೆ ಜಾರಿದರೆ ಮತ್ತೆ ಮೊಬೈಲು. ಖರೀದಿಯಿಂದ ಹೆದರಿಕೆ ಸ್ವಲ್ಪ ಹೊತ್ತು ಇಳಿಯುತ್ತದೆ, ಇಳಿದದ್ದರಿಂದಲೇ ಮುಂದಿನ ಖರೀದಿಗೆ ದಾರಿಯಾಗುತ್ತದೆ. ಕೈ ಮತ್ತೆ ಮತ್ತೆ ತೊಳೆಯುವವರಲ್ಲೂ, ಬೀಗ ಮತ್ತೆ ಮತ್ತೆ ಎಳೆದು ನೋಡುವವರಲ್ಲೂ ನಾವು ಕಾಣುವುದು ಇದೇ ಚಕ್ರ. ಇವರದು ಆ ಮಟ್ಟದ ಕಾಯಿಲೆ ಅಲ್ಲ, ಓಟದ ದಾರಿ ಮಾತ್ರ ಅದೇ. ಹಾಳೆಯ ಮೇಲೆ ಮೂರೂ ಖರೀದಿಗಳ ಹಿಂದಿನ ದಿನ ಏನಾಗಿತ್ತು ಎಂದು ಅವರಿಂದಲೇ ಬರೆಸಿದೆ. ಮೂರರ ಹಿಂದೆಯೂ ಯಾರೋ ನಕ್ಕದ್ದು ಅಥವಾ ತಿರುಗಿ ನೋಡಿದ್ದು ಇತ್ತು. ಹೆಂಡತಿ ಓದಿ, "ಅಯ್ಯ, ಇದು ನಂಗ ಯಾಕ ಹೇಳಲಿಲ್ಲ ನೀವು?" ಎಂದರು. ಕೈಗಡದ ಮಾತೂ ಅವತ್ತೇ ಹೊರಬಂತು. ಸ್ವಲ್ಪ ಜಗಳವೂ ಆಯಿತು, ನಾನು ತಡೆಯಲಿಲ್ಲ.

ಕೊಟ್ಟ ಸಲಹೆ

ಮೊದಲನೆಯದಾಗಿ ನಾಲ್ಕನೇ ಮೌತ್‌ಪೀಸೊಂದೇ ಪೆಟ್ಟಿಗೆಯಲ್ಲಿ. ಮೂರನೆಯದು ಹೆಂಡತಿಯ ಕಪಾಟಿನಲ್ಲಿ, ಉಳಿದೆರಡು ಮನೆಯಿಂದಲೇ ಆಚೆ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವದ ಧ್ವಜಾರೋಹಣ ಮುಗಿಯುವವರೆಗೆ ಬದಲಾವಣೆ ಇಲ್ಲ. ಹೊಸ ರೀಡು ನಾಲ್ಕು, ಪೆನ್ಸಿಲಿನಲ್ಲಿ ನಂಬರು ಹಾಕಿ, ದಿನಕ್ಕೊಂದರಂತೆ ಸರದಿ. ಊದಿದ ಮೇಲೆ ಒರೆಸಿ ಚಪ್ಪಟೆ ಕೇಸಿನಲ್ಲಿಡಬೇಕು. ಮೌತ್‌ಪೀಸ್ ತಣ್ಣೀರಿನಲ್ಲೇ ತೊಳೆಯಬೇಕು. ಬಿಸಿನೀರು ಬಿದ್ದರೆ ಎಬೊನೈಟು ಬಣ್ಣಗೆಟ್ಟು ಗಂಧಕದ ವಾಸನೆ ಹೊಡೆಯುತ್ತದೆ, ಆಕಾರವೂ ಕೆಡಬಹುದು.

ಶ್ರುತಿ ನೋಡುವ ರೀತಿ ಬದಲಿಸಿದೆವು. ಟ್ಯೂನರ್ ಆ್ಯಪನ್ನು ಎದುರಿಗಿಟ್ಟುಕೊಂಡರೆ ಮುಳ್ಳು ನೋಡಿದ ಕೂಡಲೇ ತುಟಿ ತಾನೇ ಬಿಗಿದು ಸರಿಮಾಡಿಬಿಡುತ್ತದೆ. ಆಗ ಕೆಟ್ಟ ಮೌತ್‌ಪೀಸೂ ಪಾಸು, ದವಡೆಗೆ ಮಾತ್ರ ದಂಡ. ಆದ್ದರಿಂದ ಶರಣಪ್ಪ ಗೋಡೆಯ ಕಡೆ ಮುಖ ಮಾಡಿ ಊದುವುದು, ಹೆಂಡತಿ ಟ್ಯೂನರ್ ಹಿಡಿದು ನೋಟ್‌ಬುಕ್ಕಿನಲ್ಲಿ ಬರೆಯುವುದು. ಸಂಗೀತ ಗೊತ್ತಿರಬೇಕಿಲ್ಲ, ಮುಳ್ಳು ಎಡಕ್ಕೋ ಬಲಕ್ಕೋ ಎಂದರೆ ಸಾಕು. ಈ ಕೆಲಸ ಅವರಿಗೆ ಕೊಟ್ಟದ್ದರಲ್ಲಿ ನನ್ನದೊಂದು ಸ್ವಾರ್ಥವೂ ಇತ್ತು: ಆ ಮನೆಯಲ್ಲಿ ಪೀಪಿ ಎಂದರೆ ಜಗಳ ಎಂಬಂತಾಗಿತ್ತು.

ಹೆದರಿಕೆಗೆ ಬೇರೆಯೇ ಅಭ್ಯಾಸ. ಮೊದಲು ಹೆಂಡತಿಯ ಎದುರು, ಆಮೇಲೆ ಇಬ್ಬರು ಗೆಳೆಯರ ಎದುರು, ಆಮೇಲೆ ಸಾಲಿನ ಕ್ಲಾರಿನೆಟ್ಟಿನವರ ಎದುರು ಊದಬೇಕು. ಪ್ರತಿ ಹಂತದಲ್ಲೂ ಒಮ್ಮೆ ಬೇಕೆಂದೇ ಚೀರಿಸಬೇಕು. "ಬೇಕಂತ್ಲೇ?" ಎಂದು ಮೂರು ಸಲ ಕೇಳಿದರು. ಹೌದು, ಬೇಕಂತಲೇ. ಚೀರಿದ ಮೇಲೆ ಲೋಕ ಏನು ಮಾಡುತ್ತದೆ ಎಂದು ಮೈಗೇ ತಿಳಿಯಬೇಕು, ನನ್ನ ಮಾತಿನಿಂದ ಅದು ತಿಳಿಯುವುದಿಲ್ಲ. ದವಡೆಗೆ ದಂತವೈದ್ಯರ ಬಳಿ ಕಳಿಸಿದೆ. ರಾತ್ರಿ ಹಲ್ಲು ಕಡಿಯುವುದೂ ಇತ್ತೆಂದು ಗೊತ್ತಾಯಿತು. ಉಸ್ತಾದರು ಮೌತ್‌ಪೀಸಿನ ಮೇಲೆ ಹಲ್ಲು ಊರುವ ಜಾಗಕ್ಕೆ ತೆಳು ರಬ್ಬರ್ ಪಟ್ಟಿ ಅಂಟಿಸಿಕೊಟ್ಟರು. ಕಚ್ಚುವುದೂ ತಗ್ಗಿತು, ತಲೆಯೊಳಗಿನ ಕೀರಲೂ ತಗ್ಗಿತು. ಅಷ್ಟೆಲ್ಲ ಖರ್ಚಿನಲ್ಲಿ ಅತಿ ಅಗ್ಗದ್ದು ಇದೇ.

ಇನ್ನು ಮುಂದೆ ಏನಾದರೂ ಕೊಳ್ಳಬೇಕೆನಿಸಿದರೆ ಹಿಂದಿನ ದಿನ ಏನಾಯಿತೆಂದು ನೋಟ್‌ಬುಕ್ಕಿನಲ್ಲಿ ಬರೆದು, ಒಂದು ವಾರ ಬಿಟ್ಟು, ಉಸ್ತಾದರಿಗೆ ತೋರಿಸಿ, ಆಮೇಲೆ ದುಡ್ಡಿನ ಮಾತು. ಬೆಂಡೋಲಿಯ ಮಾತು ಯಾವತ್ತೂ ಇಲ್ಲ.

ಸೆಪ್ಟೆಂಬರ್ 17 ಆದ ವಾರ ಬಂದಿದ್ದರು. ರಾಷ್ಟ್ರಗೀತೆಯ 52 ಸೆಕೆಂಡು ಸರಿಹೋಯಿತಂತೆ. ಅದಾದ ಮೇಲೆ ಊದಿದ ಕವಾಯತಿನ ಧುನ್‌ನಲ್ಲಿ ಒಂದು ಕಡೆ ಜಾರಿತಂತೆ. ಬಿಸಿಲೇರಿ ಇಡೀ ಬ್ಯಾಂಡಿನ ಶ್ರುತಿಯೇ ಏರಿತ್ತು, ಯಾರಿಗೂ ಅದನ್ನು ಗಮನಿಸುವ ಪುರುಸೊತ್ತಿರಲಿಲ್ಲ. ಅವತ್ತು ರಾತ್ರಿ ಮೊಬೈಲ್ ತೆಗೆದರು, ಅರ್ಧ ಗಂಟೆ ನೋಡಿದರು, ಏನೂ ಕೊಳ್ಳಲಿಲ್ಲ. ನಿದ್ದೆ ಇನ್ನೂ ಪೂರ್ತಿ ಸರಿಹೋಗಿಲ್ಲ. ಕೈಗಡ ಕಂತಿನಲ್ಲಿ ತೀರುತ್ತಿದೆ.

ಏಳುವ ಮುಂಚೆ ಸಂಕೋಚದಿಂದ ಕೇಳಿದರು: "ಮೇಡಂ, ಮೌತ್‌ಪೀಸ್ ಅಲ್ರೀ, ಬ್ಯಾರೆಲ್ ಒಂದು ಸ್ವಲ್ಪ ಉದ್ದಂದು ಹಾಕಿದ್ರ ಹೆಂಗ?" ಹೆಂಡತಿ ನನ್ನ ಮುಖ ನೋಡಿದರು. ಅದು ಕಸುಬಿನ ದೃಷ್ಟಿಯಿಂದ ನ್ಯಾಯವಾದ ಪ್ರಶ್ನೆಯೇ, ಬಿಸಿಲಿಗೆ ಶ್ರುತಿ ಏರುವ ಊರಿನಲ್ಲಂತೂ ಕೇಳಲೇಬೇಕಾದದ್ದು. ನೋಟ್‌ಬುಕ್ಕಿನಲ್ಲಿ ಬರೆಯಿರಿ, ಒಂದು ವಾರ ಬಿಟ್ಟು ಉಸ್ತಾದರನ್ನು ಕೇಳಿರಿ ಎಂದೆ.