ವಿಡಿಯೊ ಗೇಮ್‌ಗಳ ಒಳಗುಟ್ಟು ಬರೆಯುವವರು ಎಲ್ಲಿ ಸಿಗುತ್ತಾರೆ?

ಗೇಮ್‌ಗಳ ಬಗ್ಗೆ ಒಳ್ಳೆಯ ಬ್ಲಾಗ್ ಓದಬೇಕು, ವಿಚಿತ್ರ ಸಂಗತಿಗಳನ್ನು ತಿಳಿಯಬೇಕು ಅಂತ ಹುಡುಕಿದರೆ ಬರೀ ‘ಟಾಪ್ 10’ ಪಟ್ಟಿಗಳೇ ಕಣ್ಣಿಗೆ ಬೀಳುತ್ತವೆ, ಏನು ಮಾಡಲಿ ಅಂತ ಕೇಳಿದ್ದೀರಿ. ನನಗೂ ಇದು ತುಂಬ ಇಷ್ಟದ ವಿಷಯ. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

‘ಒಳ್ಳೆಯ ಗೇಮಿಂಗ್ ಬ್ಲಾಗ್’ ಅಂತ ಹುಡುಕುವುದನ್ನು ಮೊದಲು ಬಿಡಿ. ಆ ಪದಗಳನ್ನು ಕೊಟ್ಟರೆ, ಆ ಪದಗಳಿಗೆಂದೇ ಬರೆದ ಪುಟಗಳೇ ಮುಂದೆ ಬರುತ್ತವೆ. ಒಂದನ್ನು ನೋಡಿ ಇನ್ನೊಂದು ಬರೆದಂಥವು. ಅದರ ಬದಲು ನಿಮಗಿಷ್ಟವಾದ ಒಂದೇ ಒಂದು ಆಟ ಹಿಡಿಯಿರಿ. ಆಡುವಾಗ ತಲೆಗೆ ಬಂದ ಒಂದು ಅನುಮಾನವನ್ನು ಇಟ್ಟುಕೊಂಡು ಅದರ ಜಾಡು ಹಿಡಿದು ಹೋಗಿ. ಅದೇ ಅನುಮಾನ ನಿಮಗಿಂತ ಮುಂಚೆ ಇನ್ಯಾರಿಗೋ ಬಂದಿರುತ್ತದೆ, ಅವರು ಅದನ್ನು ಬುಡದವರೆಗೂ ಕೆದಕಿರುತ್ತಾರೆ. ಅಂಥ ಒಬ್ಬರ ಬರಹ ಸಿಕ್ಕಿದರೆ ಸಾಕು, ಉಳಿದವರು ಅಲ್ಲಿಂದಲೇ ಸಿಗುತ್ತಾರೆ.

ಪ್ಯಾಕ್-ಮ್ಯಾನ್ ತಗೊಳ್ಳಿ. 1980ರಲ್ಲಿ ಜಪಾನಿನ ನಾಮ್ಕೊ ಕಂಪನಿ ತಂದ ಆಟ. ಹಳದಿ ಬಣ್ಣದ ಗುಂಡಣ್ಣ ಚುಕ್ಕಿಗಳನ್ನು ನುಂಗುತ್ತ ಓಡುತ್ತಾನೆ, ನಾಲ್ಕು ಭೂತಗಳು ಬೆನ್ನು ಹತ್ತುತ್ತವೆ. ಇಷ್ಟು ಎಲ್ಲರಿಗೂ ಗೊತ್ತು. ಆದರೆ ಆಡುತ್ತ ಆಡುತ್ತ ಒಂದು ಅನುಮಾನ ಬರುತ್ತದೆ, ಅಲ್ವಾ? ಈ ನಾಲ್ಕೂ ಮಾತಾಡಿಕೊಂಡು ನಮ್ಮನ್ನು ಸುತ್ತುವರಿಯುತ್ತಿವೆಯಾ ಅಂತ.

ಇಲ್ಲ, ಅವು ಮಾತಾಡಿಕೊಳ್ಳುವುದಿಲ್ಲ. ಪ್ರತಿಯೊಂದಕ್ಕೂ ಒಂದೊಂದು ಸಣ್ಣ ನಿಯಮ ಇದೆ, ಅಷ್ಟೇ. ಕೆಂಪು ಭೂತ ಪ್ಯಾಕ್-ಮ್ಯಾನ್ ಇರುವ ಮನೆಗೇ, ಅಂದರೆ ಪರದೆಯ ಆ ಪುಟ್ಟ ಚೌಕಕ್ಕೇ, ಗುರಿ ಇಡುತ್ತದೆ. ಗುಲಾಬಿ ಭೂತ ಅವನು ಮುಖ ಮಾಡಿರುವ ದಿಕ್ಕಿನಲ್ಲಿ ನಾಲ್ಕು ಮನೆ ಮುಂದಕ್ಕೆ ಗುರಿ ಇಡುತ್ತದೆ. ನೀಲಿ ಭೂತದ ಲೆಕ್ಕ ಸ್ವಲ್ಪ ತಿರುವಿನದು: ಪ್ಯಾಕ್-ಮ್ಯಾನ್‌ಗಿಂತ ಎರಡು ಮನೆ ಮುಂದಿನ ಜಾಗ ಹಿಡಿದು, ಕೆಂಪು ಭೂತದಿಂದ ಆ ಜಾಗಕ್ಕೆ ಒಂದು ಗೆರೆ ಎಳೆದು, ಆ ಗೆರೆಯನ್ನು ಅಷ್ಟೇ ಉದ್ದ ಮುಂದಕ್ಕೆ ಬೆಳೆಸಿ, ಅದು ಮುಟ್ಟಿದ ಕಡೆಗೆ ಹೊರಡುತ್ತದೆ. ಕಿತ್ತಳೆ ಭೂತ ದೂರ ಇದ್ದಾಗ ಅಟ್ಟಿಸಿಕೊಂಡು ಬರುತ್ತದೆ, ಎಂಟು ಮನೆಗಿಂತ ಹತ್ತಿರ ಬಂದರೆ ಸಾಕು, ತನ್ನ ಮೂಲೆಯ ಕಡೆಗೆ ತಿರುಗಿಬಿಡುತ್ತದೆ. ಈ ನಾಲ್ಕು ಪುಟ್ಟ ಲೆಕ್ಕಗಳು ಒಟ್ಟಿಗೆ ನಡೆದಾಗ ಆಡುವವರ ಕಣ್ಣಿಗೆ ಅದು ಸಂಚಿನ ಹಾಗೆ ಕಾಣುತ್ತದೆ.

ಇನ್ನೂ ಒಂದು ಇದೆ. ಪ್ಯಾಕ್-ಮ್ಯಾನ್ ಮೇಲ್ಮುಖವಾಗಿದ್ದಾಗ ಗುಲಾಬಿ ಭೂತದ ಲೆಕ್ಕ ತಪ್ಪುತ್ತದೆ. ನಾಲ್ಕು ಮನೆ ಮೇಲಕ್ಕೆ ಹೋಗುವುದರ ಜೊತೆಗೆ ನಾಲ್ಕು ಮನೆ ಎಡಕ್ಕೂ ಸರಿಯುತ್ತದೆ. ಕೋಡ್‌ನಲ್ಲಿ ಉಳಿದುಹೋದ ದೋಷ ಇದು. ಪಳಗಿದ ಆಟಗಾರರು ಇಂಥದ್ದನ್ನೆಲ್ಲ ಬಳಸಿಕೊಳ್ಳುತ್ತಾರೆ. ಗುಲಾಬಿ ಭೂತಕ್ಕೆ ಎದುರಾಗಿ ಧೈರ್ಯವಾಗಿ ನುಗ್ಗುತ್ತಾರೆ. ಅದರ ಗುರಿ ಅದರ ಬೆನ್ನ ಹಿಂದಕ್ಕೆ ಹೋಗಿರುವುದರಿಂದ, ಅಡ್ಡದಾರಿ ಸಿಕ್ಕ ಕೂಡಲೇ ಅದು ಪಕ್ಕಕ್ಕೆ ತಿರುಗಿ ಹೋಗುತ್ತದೆ!

256ನೇ ಹಂತ ಇನ್ನೂ ವಿಚಿತ್ರ. ಹಂತದ ಸಂಖ್ಯೆಯನ್ನು ಆಟ ಒಂದೇ ಬೈಟ್‌ನಲ್ಲಿ ಇಟ್ಟುಕೊಳ್ಳುತ್ತದೆ. ಒಂದು ಬೈಟ್‌ನಲ್ಲಿ 255ರವರೆಗೆ ಮಾತ್ರ ಎಣಿಸಬಹುದು, ಆಮೇಲೆ ಮತ್ತೆ ಸೊನ್ನೆ. ಪರದೆಯ ಕೆಳಗೆ ಹಣ್ಣಿನ ಚಿತ್ರ ಬರೆಯುವ ಕೋಡ್ ಈ ಸೊನ್ನೆಯನ್ನು ಕಂಡು ಗೊಂದಲಕ್ಕೆ ಬಿದ್ದು 256 ಹಣ್ಣು ಬರೆಯಲು ಹೊರಡುತ್ತದೆ. ಪರದೆಯ ಬಲಭಾಗ ಪೂರ್ತಿ ಅಕ್ಷರ, ಅಂಕಿಗಳ ಕಸವಾಗುತ್ತದೆ. ತಿನ್ನಲು ಸಾಕಷ್ಟು ಚುಕ್ಕಿಗಳೇ ಉಳಿದಿರುವುದಿಲ್ಲ. ಆಟ ಅಲ್ಲಿಗೆ ನಿಲ್ಲುತ್ತದೆ. ಇದನ್ನೆಲ್ಲ ಜೇಮಿ ಪಿಟ್‌ಮನ್ ಎಂಬುವರು ‘ಪ್ಯಾಕ್-ಮ್ಯಾನ್ ಡಾಸಿಯರ್’ ಎಂಬ ಒಂದು ಬರಹದಲ್ಲಿ ಚಿತ್ರ ಸಮೇತ ಬಿಡಿಸಿ ಹೇಳಿದ್ದಾರೆ. ನೀವು ಮೊದಲು ಓದಬೇಕಾದದ್ದು ಯಾವುದು ಅಂತ ಕೇಳಿದರೆ ನಾನು ಹೇಳುವುದು ಇದನ್ನೇ.

ಇಂಥ ಬರಹ ಸಿಗಬೇಕಾದರೆ ಹುಡುಕುವ ಪದ ಬದಲಾಗಬೇಕು. ಆಟದ ಹೆಸರಿನ ಪಕ್ಕದಲ್ಲಿ ಡಿಸ್‌ಅಸೆಂಬ್ಲಿ, ಪೋಸ್ಟ್‌ಮಾರ್ಟಮ್, ಪ್ರೊಟೊಟೈಪ್, ಅನ್‌ಯೂಸ್ಡ್ ಕಂಟೆಂಟ್, ಸೋರ್ಸ್ ಕೋಡ್ ಇವುಗಳಲ್ಲಿ ಯಾವುದಾದರೂ ಒಂದನ್ನು ಇಂಗ್ಲಿಷ್‌ನಲ್ಲಿ ಹಾಕಿ ನೋಡಿ. ಪಟ್ಟಿ ಮಾಡುವವರು ಈ ಪದಗಳನ್ನು ಜಾಸ್ತಿ ಬಳಸುವುದಿಲ್ಲ. ಆಟದ ಹೊಟ್ಟೆ ಬಗೆದು ನೋಡಿದವರು ಬಳಸುತ್ತಾರೆ. ಪೋಸ್ಟ್‌ಮಾರ್ಟಮ್ ಅಂದರೆ ಆಟ ಬಿಡುಗಡೆಯಾದ ಮೇಲೆ ಅದನ್ನು ಮಾಡಿದವರೇ ಕೂತು, ಏನು ಕೈಹಿಡಿಯಿತು, ಏನು ಕೈಕೊಟ್ಟಿತು ಅಂತ ಬಿಚ್ಚಿ ಹೇಳುವ ಬರಹ ಅಥವಾ ಭಾಷಣ. ಗೇಮ್ ಡೆವಲಪರ್ಸ್ ಕಾನ್ಫರೆನ್ಸ್‌ನಲ್ಲಿ ಹಳೆಯ ಆಟಗಳ ಬಗ್ಗೆ ಇಂಥ ಭಾಷಣಗಳು ಬಹಳ ನಡೆದಿವೆ, ಎಷ್ಟೋ ಯೂಟ್ಯೂಬ್‌ನಲ್ಲೇ ಇವೆ.

ಮಾಡಿದವರೇ ಬರೆದದ್ದು ಅಂದಾಗ ನನಗೆ ಥಟ್ಟನೆ ನೆನಪಾಗುವುದು ಪ್ರಿನ್ಸ್ ಆಫ್ ಪರ್ಷಿಯಾ. ಆ ಕಾಲದಲ್ಲಿ ಆ ರಾಜಕುಮಾರನ ಓಟ, ಜಿಗಿತ, ಅಂಚು ಹಿಡಿದು ನೇತಾಡುವುದು ನಿಜವಾದ ಮನುಷ್ಯನ ಹಾಗೆ ಕಂಡದ್ದಕ್ಕೆ ಕಾರಣ ಇದೆ. ಆಟ ಮಾಡಿದ ಜೋರ್ಡನ್ ಮೆಕ್ನರ್ ತಮ್ಮ ತಮ್ಮನನ್ನು ಓಡಿಸಿ, ಜಿಗಿಸಿ, ವಿಡಿಯೊ ತೆಗೆದು, ಒಂದೊಂದು ಫ್ರೇಮನ್ನೂ ನೋಡಿಕೊಂಡು ಚಿತ್ರ ಬರೆದರು. ಆಟ ಮೊದಲು ಬಂದದ್ದು 1989ರಲ್ಲಿ, ಆಪಲ್ II ಕಂಪ್ಯೂಟರ್‌ಗೆ. ಈ ಚಿತ್ರಗಳೇ ಮೆಮೊರಿಯನ್ನೆಲ್ಲ ತಿಂದುಬಿಟ್ಟಿದ್ದವು. ಎದುರಾಳಿಯೊಬ್ಬ ಬೇಕು, ಆದರೆ ಅವನಿಗೆ ಹೊಸ ಚಿತ್ರ ಬರೆಯಲು ಜಾಗ ಇಲ್ಲ.

ಆಗ ಅವರು ರಾಜಕುಮಾರನ ಚಿತ್ರಗಳನ್ನೇ ತಗೊಂಡು, ಸ್ವಲ್ಪ ಪಕ್ಕಕ್ಕೆ ಸರಿಸಿ, ಎಕ್ಸ್‌ಕ್ಲೂಸಿವ್ ಆರ್ ಎಂಬ ಬಿಟ್ ಲೆಕ್ಕದಿಂದ ಅದರ ಮೇಲೆ ಅದನ್ನೇ ಹಾಕಿದರು. ಮಿನುಗುವ ಒಂದು ನೆರಳಿನ ಆಕೃತಿ ಹುಟ್ಟಿತು. ಅದೇ ಆ ಆಟದ ನೆರಳು ಮನುಷ್ಯ. ಕನ್ನಡಿಯೊಳಗಿಂದ ಹಾರಿ ಬರುವವನು, ನೀವು ಕುಡಿಯಬೇಕಾದ ಮದ್ದನ್ನು ತಾನು ಕುಡಿದು ಹೋಗುವವನು, ನಿಮ್ಮ ಮುಂದೆಯೇ ಬಾಗಿಲು ಹಾಕುವವನು. ಕೊನೆಯಲ್ಲಿ ಅವನನ್ನು ಹೊಡೆದರೆ ಏಟು ನಿಮಗೇ ಬೀಳುತ್ತದೆ. ಕತ್ತಿ ಒಳಗಿಟ್ಟು ಅವನೊಳಗೆ ಸೇರಿಕೊಳ್ಳಬೇಕು. ಇಡೀ ಆಟದಲ್ಲಿ ನನಗೆ ಅತಿ ಇಷ್ಟವಾದ ಜಾಗ ಇದು. ಅದು ಹುಟ್ಟಿದ್ದು ಮೆಮೊರಿ ಸಾಲದೆ ಹೋದದ್ದರಿಂದ! ಮೆಕ್ನರ್ ಆಗಿನ ತಮ್ಮ ದಿನಚರಿಯನ್ನು ಪ್ರಕಟಿಸಿದ್ದಾರೆ. ಕಳೆದೇ ಹೋಯಿತು ಅಂದುಕೊಂಡಿದ್ದ ಮೂಲ ಕೋಡ್‌ನ ಡಿಸ್ಕ್‌ಗಳು 2012ರಲ್ಲಿ ಅವರ ತಂದೆಗೆ ಸಿಕ್ಕವು. ಅದನ್ನೂ ಎಲ್ಲರಿಗೂ ಸಿಗುವ ಹಾಗೆ ಕೋಡ್ ಹಂಚಿಕೊಳ್ಳುವ ತಾಣವಾದ ಗಿಟ್‌ಹಬ್‌ಗೆ ಹಾಕಿದರು.

ಈಗ ಕೆಲವು ಹೆಸರು ಹೇಳುತ್ತೇನೆ. ‘ದಿ ಕಟಿಂಗ್ ರೂಮ್ ಫ್ಲೋರ್’ ಎಂಬ ವಿಕಿ ಇದೆ. ಆಟದ ಫೈಲ್‌ಗಳ ಒಳಗೆ ಉಳಿದು ಆಟದಲ್ಲಿ ಎಲ್ಲೂ ಕಾಣಿಸದ ಚಿತ್ರ, ಸಂಗೀತ, ಹಂತ, ಸಂಭಾಷಣೆಗಳನ್ನು ಅಲ್ಲಿ ಪಟ್ಟಿ ಮಾಡಿದ್ದಾರೆ. ನೀವು ಚಿಕ್ಕಂದಿನಲ್ಲಿ ಆಡಿದ ಆಟವೊಂದರ ಪುಟ ತೆಗೆದು ನೋಡಿ, ಸುಮ್ನೆ ಬಿಟ್ಟು ಏಳಲು ಆಗುವುದಿಲ್ಲ. ‘ದಿ ಡಿಜಿಟಲ್ ಆಂಟಿಕ್ವೇರಿಯನ್’ ಎಂಬಲ್ಲಿ ಜಿಮ್ಮಿ ಮಾಹರ್ 2011ರಿಂದ ಕಂಪ್ಯೂಟರ್ ಆಟಗಳ ಚರಿತ್ರೆಯನ್ನು ಕಾಲಕ್ರಮದಲ್ಲಿ ಬರೆಯುತ್ತಿದ್ದಾರೆ. ಆಟದ ಜೊತೆಗೆ ಅದನ್ನು ಮಾಡಿದವರ ಜಗಳ, ದುಡ್ಡಿನ ಕಷ್ಟ, ಗೆಲುವು ಎಲ್ಲವೂ ಬರುತ್ತವೆ. ‘ಸಿಆರ್‌ಪಿಜಿ ಅಡಿಕ್ಟ್’ ಬ್ಲಾಗ್‌ನವರು 2010ರಿಂದ ಕಂಪ್ಯೂಟರ್ ರೋಲ್-ಪ್ಲೇಯಿಂಗ್ ಆಟಗಳನ್ನು ಸಾಲಾಗಿ ಆಡುತ್ತ ಬರೆಯುತ್ತಿದ್ದಾರೆ. ಯಾರೂ ಮುಟ್ಟದ ಆಟಗಳನ್ನೂ ಬಿಟ್ಟಿಲ್ಲ. ಆ ತಾಳ್ಮೆಗೆ ನನ್ನದೊಂದು ನಮಸ್ಕಾರ. ಪ್ರೋಗ್ರಾಮಿಂಗ್ ಗೊತ್ತಿದ್ದರೆ ಫ್ಯಾಬಿಯನ್ ಸಾಂಗ್ಲಾರ್ ಅವರ ಪುಟ ನಿಮಗೆ ಹಬ್ಬ. ಡೂಮ್, ಕ್ವೇಕ್, ಅನದರ್ ವರ್ಲ್ಡ್ ಇವುಗಳ ಎಂಜಿನ್‌ಗಳನ್ನು ಬಿಡಿಭಾಗ ಬಿಚ್ಚಿಟ್ಟ ಹಾಗೆ ವಿವರಿಸುತ್ತಾರೆ. ಜಪಾನಿನ ಡೆವಲಪರ್‌ಗಳ ಹಳೆಯ ಸಂದರ್ಶನಗಳು ಇಂಗ್ಲಿಷ್‌ನಲ್ಲಿ ಬೇಕಾದರೆ ‘ಶ್ಮಪ್ಲೇಶನ್ಸ್’ ನೋಡಿ. ಓದು ಸಾಕು, ಸುತ್ತಾಡಬೇಕು ಅನ್ನಿಸಿದರೆ ‘ನೋಕ್ಲಿಪ್ ಡಾಟ್ ವೆಬ್‌ಸೈಟ್’ ಇದೆ. ಹಳೆಯ ಆಟಗಳ ಹಂತಗಳಲ್ಲಿ ಬ್ರೌಸರ್‌ನಲ್ಲೇ ಗೋಡೆ, ಛಾವಣಿಗಳ ಅಡ್ಡಿಯಿಲ್ಲದೆ ಹಾರಾಡಬಹುದು.

ಆದರೆ ಒಂದು ವಿಷಯದಲ್ಲಿ ಎಚ್ಚರ ಬೇಕು. ಗೇಮ್ ಲೋಕದಲ್ಲಿ ಅಂತೆಕಂತೆಗಳು ಬಹಳ. ನಾಡು ಕಟ್ಟಿ ಆಳುವ ಸಿವಿಲೈಜೇಶನ್ ಆಟದಲ್ಲಿ ಭಾರತದ ನಾಯಕನಾಗಿ ಬರುವ ಗಾಂಧಿಯ ಕತೆ ನೀವು ಕೇಳಿರಬಹುದು. 1991ರ ಮೊದಲ ಆಟದಲ್ಲಿ ಗಾಂಧಿಯ ಆಕ್ರಮಣದ ಅಂಕ 1 ಇತ್ತಂತೆ. ಪ್ರಜಾಪ್ರಭುತ್ವಕ್ಕೆ ಬದಲಾದಾಗ ಅದರಿಂದ 2 ಕಳೆಯಬೇಕಂತೆ. ಸೊನ್ನೆಗಿಂತ ಕೆಳಗೆ ಹೋಗಲಾರದೆ ಅಂಕ 255ಕ್ಕೆ ಹಾರಿತಂತೆ, ಹಾಗಾಗಿ ಗಾಂಧಿ ಎಲ್ಲರ ಮೇಲೂ ಅಣುಬಾಂಬ್ ಹಾಕುತ್ತಿದ್ದರಂತೆ. ಪ್ಯಾಕ್-ಮ್ಯಾನ್‌ನಲ್ಲಿ ಇಂಥದ್ದೇ ನಿಜವಾಗಿ ನಡೆದಿದೆಯಲ್ಲ, ಅದಕ್ಕೇ ಇದೂ ನಿಜ ಅನ್ನಿಸಿಬಿಡುತ್ತದೆ. ಆದರೆ ಆ ಆಟ ಮಾಡಿದ ಸಿಡ್ ಮೈಯರ್ 2020ರ ತಮ್ಮ ಆತ್ಮಕಥೆಯಲ್ಲಿ ಅಂಥ ದೋಷ ಇರಲೇ ಇಲ್ಲ ಅಂತ ಸ್ಪಷ್ಟವಾಗಿ ಹೇಳಿದ್ದಾರೆ. ಕತೆ ಇಂಟರ್ನೆಟ್‌ನಲ್ಲಿ ಹರಡಿದ್ದು ಆಟ ಬಂದು ಸುಮಾರು ಇಪ್ಪತ್ತು ವರ್ಷವಾದ ಮೇಲೆ. 2010ರ ಸಿವಿಲೈಜೇಶನ್ 5ರಲ್ಲಿ ಗಾಂಧಿಗೆ ಅಣುಬಾಂಬ್ ಒಲವು ಜಾಸ್ತಿ ಇಟ್ಟದ್ದು ನಿಜ, ಆದರೆ ಅದು ಬೇಕಂತಲೇ ಮಾಡಿದ್ದು. ಇವತ್ತಿಗೂ ಎಷ್ಟೋ ಪಟ್ಟಿಗಳಲ್ಲಿ ಹಳೆಯ ಕತೆಯೇ ಓಡಾಡುತ್ತಿದೆ. ಹಾಗಾಗಿ ಹೊಸ ಬರಹಗಾರರೊಬ್ಬರು ಸಿಕ್ಕಾಗ ನಾನು ನೋಡುವುದು ಒಂದನ್ನೇ: ಇದು ಇವರಿಗೆ ಹೇಗೆ ಗೊತ್ತಾಯಿತು ಅನ್ನುವುದನ್ನು ತೋರಿಸಿದ್ದಾರಾ? ಕೋಡ್‌ನ ಸಾಲು, ಹಳೆಯ ಪತ್ರಿಕೆಯ ಪುಟ, ಮಾಡಿದವರ ಮಾತು, ಏನಾದರೂ ಇರಬೇಕು.

‘ಮೊಟ್ಟಮೊದಲನೆಯದು’ ಅನ್ನುವ ಮಾತಿಗೂ ಇದೇ ಪರೀಕ್ಷೆ. ಆಟದೊಳಗೆ ಬಚ್ಚಿಟ್ಟ ಗುಟ್ಟು, ಅಂದರೆ ಈಸ್ಟರ್ ಎಗ್, ಮೊದಲು ಬಂದದ್ದು ಅಟಾರಿ ಕಂಪನಿಯ ಆಟವಾದ ಅಡ್ವೆಂಚರ್‌ನಲ್ಲಿ ಅಂತ ಬಹಳ ಕಾಲ ನಂಬಿದ್ದರು. ಅಟಾರಿ ಆಗ ಪ್ರೋಗ್ರಾಮರ್‌ಗಳ ಹೆಸರು ಹಾಕುತ್ತಿರಲಿಲ್ಲ. ಅದಕ್ಕೆ ವಾರೆನ್ ರಾಬಿನೆಟ್ ಕಣ್ಣಿಗೆ ಕಾಣದಷ್ಟು ಸಣ್ಣ ಬೂದು ಚುಕ್ಕಿಯೊಂದನ್ನು ಇಟ್ಟು, ಅದನ್ನು ಹೊತ್ತು ಸರಿಯಾದ ಜಾಗಕ್ಕೆ ಬಂದವರಿಗೆ ತೆರೆಯುವ ಕೋಣೆಯಲ್ಲಿ ತಮ್ಮ ಹೆಸರು ಬರೆದಿದ್ದರು. ಆಮೇಲೆ ಎಡ್ ಫ್ರೈಸ್ ಎಂಬುವರು ಅಟಾರಿಯದೇ 1977ರ ಸ್ಟಾರ್‌ಶಿಪ್ 1 ಎಂಬ ಆರ್ಕೇಡ್ ಯಂತ್ರದಲ್ಲಿ ಅದಕ್ಕಿಂತ ಹಳೆಯದು ಇದೆ ಅಂತ ತೋರಿಸಿದರು. ಗುಂಡಿಗಳನ್ನು ಸರಿಯಾದ ಕ್ರಮದಲ್ಲಿ ಒತ್ತಿದರೆ ‘ಹಾಯ್ ರಾನ್’ ಅಂತ ಬರುತ್ತದೆ, ಜೊತೆಗೆ ಹತ್ತು ಆಟ ಪುಕ್ಕಟೆ. ಅದನ್ನು ಇಟ್ಟವರು ರಾನ್ ಮಿಲ್ನರ್. ಫ್ರೈಸ್ ಈ ಹುಡುಕಾಟವನ್ನು ಪತ್ತೇದಾರಿ ಕತೆಯ ಹಾಗೆ ಬರೆದಿದ್ದಾರೆ, ತಪ್ಪದೆ ಓದಿ.

ಸಿಕ್ಕಿದ್ದನ್ನು ಉಳಿಸಿಕೊಳ್ಳುವುದೂ ಮುಖ್ಯ. ಇಂಥ ಪುಟಗಳು ಒಬ್ಬರ ಆಸಕ್ತಿಯಿಂದ ನಡೆಯುತ್ತವೆ, ಒಂದು ದಿನ ಇದ್ದಕ್ಕಿದ್ದ ಹಾಗೆ ಇಲ್ಲವಾಗುತ್ತವೆ. ಮೆಚ್ಚಿದ ಪುಟವನ್ನು, ವೆಬ್ ಪುಟಗಳ ಹಳೆಯ ಪ್ರತಿ ಕಾಪಾಡುವ ವೇಬ್ಯಾಕ್ ಮಷೀನ್‌ನಲ್ಲಿ ಸೇವ್ ಮಾಡಿ. ಲಿಂಕ್ ಸತ್ತಿದ್ದರೆ ಅದೇ ವಿಳಾಸವನ್ನು ಅಲ್ಲಿ ಹಾಕಿ ನೋಡಿ, ಹಳೆಯ ಪ್ರತಿ ಸಿಗುವುದುಂಟು. ಆಟಗಳ ಗತಿಯೂ ಹೀಗೇ. ವಿಡಿಯೊ ಗೇಮ್ ಹಿಸ್ಟರಿ ಫೌಂಡೇಶನ್ 2023ರಲ್ಲಿ ಮಾಡಿದ ಅಧ್ಯಯನದ ಪ್ರಕಾರ ಅಮೆರಿಕದಲ್ಲಿ 2010ಕ್ಕೆ ಮೊದಲು ಬಂದ ಆಟಗಳಲ್ಲಿ ಶೇ 87ರಷ್ಟು ಇವತ್ತು ಅಂಗಡಿಯಲ್ಲಿ ಕೊಳ್ಳಲು ಸಿಗುವುದೇ ಇಲ್ಲ. ಇದನ್ನು ಓದಿದಾಗ ನನಗೆ ನಿಜಕ್ಕೂ ಸಂಕಟವಾಯಿತು. ಅದೇ ಸಂಸ್ಥೆ 2025ರ ಜನವರಿಯಲ್ಲಿ ತನ್ನ ಡಿಜಿಟಲ್ ಗ್ರಂಥಾಲಯವನ್ನು ತೆರೆಯಿತು. ಹಳೆಯ ಗೇಮ್ ಪತ್ರಿಕೆಗಳು ಅಲ್ಲಿ ಹುಡುಕಿ ಓದುವ ಹಾಗಿವೆ. ಬ್ರೌಸರ್ ಆಟಗಳನ್ನು ನಡೆಸುತ್ತಿದ್ದ ಫ್ಲ್ಯಾಶ್ 2020ರ ಡಿಸೆಂಬರ್ 31ಕ್ಕೆ ನಿಂತಿತು, ಆದರೆ ಅದರ ಆಟಗಳನ್ನು ‘ಫ್ಲ್ಯಾಶ್‌ಪಾಯಿಂಟ್’ ಎಂಬ ಸ್ವಯಂಸೇವಕರ ಗುಂಪು ರಾಶಿ ರಾಶಿ ಉಳಿಸಿದೆ. ಇಂಟರ್ನೆಟ್ ಆರ್ಕೈವ್‌ನಲ್ಲಿ ಎಂಎಸ್-ಡಾಸ್ ಕಾಲದ ಆಟಗಳನ್ನು ಬ್ರೌಸರ್‌ನಲ್ಲೇ ಆಡಬಹುದು.

ಮತ್ತೆ ಮತ್ತೆ ಹುಡುಕುವ ಕಷ್ಟ ಬೇಡ ಅನ್ನಿಸಿದರೆ ಒಂದು ಆರ್‌ಎಸ್‌ಎಸ್ ರೀಡರ್ ಹಾಕಿಕೊಳ್ಳಿ. ಮೆಚ್ಚಿದ ಬ್ಲಾಗ್‌ನ ವಿಳಾಸ ಕೊಟ್ಟರೆ ಹೊಸ ಬರಹ ಬಂದಾಗ ಅದೇ ತಂದುಕೊಡುತ್ತದೆ. ವರ್ಷಕ್ಕೆ ಎರಡೋ ಮೂರೋ ಬರೆಯುವವರಿಗೆ ಇದು ತುಂಬ ಅನುಕೂಲ, ಒಳ್ಳೆಯವರು ಎಷ್ಟೋ ಜನ ಹಾಗೇ ಬರೆಯುತ್ತಾರೆ. ಬರಹದ ನಡುವೆ ಅವರು ಯಾರಿಗೆ ಲಿಂಕ್ ಕೊಟ್ಟಿದ್ದಾರೆ ಅಂತ ನೋಡಿ, ಅದನ್ನು ಒತ್ತಿ. ಸಣ್ಣ ಪುಟಗಳನ್ನೇ ಮುಂದೆ ತರುವ ‘ಮಾರ್ಜಿನೇಲಿಯಾ’ ಎಂಬ ಸರ್ಚ್ ಎಂಜಿನ್ ಕೂಡ ಇದೆ, ಆಟದ ಹೆಸರನ್ನು ಒಮ್ಮೆ ಅಲ್ಲೂ ಹಾಕಿ.

ನಿಮಗೆ ಇಷ್ಟವಾದ ಆಟ ಯಾವುದು ಅಂತ ಪ್ರಶ್ನೆಯಲ್ಲಿ ಬರೆದಿಲ್ಲ. ಹೆಸರು ಹೇಳಿ. ಅದರ ಬಗ್ಗೆ ಇಂಥದ್ದೇನಾದರೂ ನಾನು ಓದಿದ್ದರೆ ಇಲ್ಲಿಯೇ ಸೇರಿಸುತ್ತೇನೆ.