ಪ್ರತಿ: ಜೂನಿಯರ್ ವಕೀಲರು ತಮ್ಮ ಕೆಲಸ ತೋರಿಸೋದು ಹೇಗೆ?

ವಕಾಲತ್ತು (ಕಕ್ಷಿದಾರರು ವಕೀಲರಿಗೆ ಕೇಸು ನಡೆಸಲು ಕೊಡುವ ಅಧಿಕಾರ ಪತ್ರ) ಸೀನಿಯರ್ ಹೆಸರಿನಲ್ಲಿದೆ, ನನ್ನ ಕೆಲಸ ತೋರಿಸೋದು ಹೇಗೆ, ವೆಬ್‌ಸೈಟ್ ಮಾಡಬಹುದಾ ಅಂತ ಕೇಳಿದ್ದೀರಿ.

ಮಾಡಬಹುದು, ಆದರೆ ಅದು ಜಾಹೀರಾತಾಗಬಾರದು. ವಕೀಲರು ಜಾಹೀರಾತು ಕೊಡಬಾರದು ಅನ್ನುವ ಬಾರ್ ಕೌನ್ಸಿಲ್‌ನ (ವಕೀಲರ ನಿಯಂತ್ರಣ ಸಂಸ್ಥೆ) 36ನೇ ನಿಯಮಕ್ಕೆ 2008ರಲ್ಲಿ ತಿದ್ದುಪಡಿ ಬಂತು. ಅದರ ಪ್ರಕಾರ ವೆಬ್‌ಸೈಟ್‌ನಲ್ಲಿ ಹೆಸರು, ವಿಳಾಸ, ಫೋನ್, ಎನ್‌ರೋಲ್‌ಮೆಂಟ್ ವಿವರ, ಓದು, ಯಾವ ಬಗೆಯ ಕೇಸು ನಡೆಸುತ್ತೀರಿ ಅನ್ನೋದು, ಇಷ್ಟು ಹಾಕಬಹುದು. ಗೆದ್ದ ಕೇಸುಗಳ ಪಟ್ಟಿ, ಕಕ್ಷಿದಾರರ ಹೊಗಳಿಕೆ ಬೇಡ.

ನನ್ನ ಕೇಳಿದರೆ ವೆಬ್‌ಸೈಟ್‌ಗಿಂತ ಡ್ರಾಫ್ಟಿಂಗ್ ಫೈಲೇ ಮುಖ್ಯ. ನೀವೇ ಬರೆದ ಒಂದು ದಾವೆ, ಒಂದು ಲಿಖಿತ ಹೇಳಿಕೆ (ದಾವೆಗೆ ಪ್ರತಿವಾದಿ ಕೊಡುವ ಉತ್ತರ), ಸಿವಿಲ್ ಪ್ರಕ್ರಿಯಾ ಸಂಹಿತೆಯ ಆರ್ಡರ್ 39ರ ಕೆಳಗಿನ ತಡೆಯಾಜ್ಞೆ ಅರ್ಜಿ, ಒಂದು ಲೀಗಲ್ ನೋಟಿಸ್ ಇದ್ದರೆ ಸಾಕು. ಸೀನಿಯರ್ ಒಪ್ಪಿಗೆ ಮೊದಲು ಪಡೆಯಿರಿ. ಕಕ್ಷಿದಾರರ ಹೆಸರು ಅಳಿಸಿದರೆ ಮುಗಿಯಲಿಲ್ಲ. ಸರ್ವೆ ನಂಬರ್, ಊರು, ಕೇಸ್ ನಂಬರ್ ಎಲ್ಲಾ ತೆಗೆಯಿರಿ. ಸಣ್ಣ ಊರಲ್ಲಿ ಜಮೀನಿನ ಚೆಕ್ಕುಬಂದಿ (ನಾಲ್ಕೂ ಕಡೆಯ ಗಡಿ ವಿವರ) ನೋಡಿದ್ರೇ ಯಾರದ್ದು ಅಂತ ಗೊತ್ತಾಗುತ್ತೆ, ಅಲ್ವಾ?

ಜೊತೆಗೆ ಒಂದು ಡೈರಿ ಇಡಿ: ಯಾವ ಕೋರ್ಟು, ಯಾವ ಹಂತ, ನೀವು ಮಾಡಿದ್ದೇನು. ಪಾಟೀ ಸವಾಲು ನೀವೇ ಮಾಡಿದ್ದರೆ ಅದನ್ನು ತಪ್ಪದೆ ಬರೆಯಿರಿ, ಸುಮ್ನೆ ಮುಂದೂಡಿಸಿಕೊಂಡ ದಿನಗಳನ್ನು ಬಿಡಿ. ಮುಂದಿನ ವಕಾಲತ್ತುಗಳಲ್ಲಿ ನಿಮ್ಮ ಹೆಸರನ್ನೂ ಸೇರಿಸಲು ಸೀನಿಯರ್ ಹತ್ತಿರ ಕೇಳಿ ನೋಡಿ. ಬಹಳ ಜನ ಇಲ್ಲ ಅನ್ನೋದಿಲ್ಲ.