ಶೇಂಗಾ ಎಣ್ಣೆಗೆ ಮರದ ಗಾಣ ಹಾಕಲಾ, ಬಿಸಿ ಎಕ್ಸ್‌ಪೆಲ್ಲರ್ ಹಾಕಲಾ?

ಊರಲ್ಲೇ ಸಣ್ಣದಾಗಿ ಶೇಂಗಾ ಎಣ್ಣೆ ತೆಗೆಯಬೇಕು, ಮರದ ಗಾಣ ಒಳ್ಳೆಯದೋ, ಬೀಜ ಬೇಯಿಸಿ ಹಿಂಡುವ ಎಕ್ಸ್‌ಪೆಲ್ಲರೋ ಅಂತ ಕೇಳಿದ್ದೀರಿ. ನಾನು ಚಳ್ಳಕೆರೆ ಕಡೆಯವನು. ಎಂಟು ವರ್ಷದಿಂದ ಗಾಣ ಓಡಿಸುತ್ತಿದ್ದೇನೆ.

ಮೊದಲು ಲೆಕ್ಕ. 100 ಕೆಜಿ ಒಳ್ಳೆಯ ಶೇಂಗಾ ಬೀಜದಲ್ಲಿ ಹತ್ತಿರ ಹತ್ತಿರ 48 ಕೆಜಿ ಎಣ್ಣೆ ಇರುತ್ತದೆ. ಗಾಣದಲ್ಲಿ ಸುಮಾರು 40 ಕೆಜಿ ಕೈಗೆ ಸಿಗುತ್ತದೆ, ಎಕ್ಸ್‌ಪೆಲ್ಲರಿನಲ್ಲಿ 43-44. ಆವಿಯ ಶಾಖಕ್ಕೆ ಬೀಜ ಮೆತ್ತಗಾಗಿ, ಎಣ್ಣೆ ತೆಳುವಾಗಿ ಸಲೀಸಾಗಿ ಹರಿಯುತ್ತದೆ. ಅದಕ್ಕೇ ಈ ವ್ಯತ್ಯಾಸ. ಗಾಣದಲ್ಲಿ ಉಳಿದ ಎಣ್ಣೆ ಎಲ್ಲೂ ಹೋಗಲ್ಲ, ಹಿಂಡಿಯಲ್ಲೇ ಇರುತ್ತದೆ. ನಮ್ಮಲ್ಲಿ ಹಸು ಎಮ್ಮೆ ಕಟ್ಟಿದವರು ಗಾಣದ ಹಿಂಡಿಯನ್ನೇ ಕೇಳಿ ಒಯ್ಯುತ್ತಾರೆ. ನಿಮ್ಮ ಸುತ್ತ ಹೈನುಗಾರರಿದ್ದರೆ ಆ ಮೂರ್ನಾಲ್ಕು ಕೆಜಿಯ ಚಿಂತೆ ಬೇಡ. ಇನ್ನೊಂದು, ಒಂದು ಲೀಟರ್ ಎಣ್ಣೆ ತೂಗುವುದು 910 ಗ್ರಾಂ ಆಸುಪಾಸು. ಲೀಟರನ್ನೂ ಕೆಜಿಯನ್ನೂ ಒಂದೇ ಅಂದುಕೊಂಡರೆ ದರ ಹಾಕುವಾಗಲೇ ಎಡವುತ್ತೀರಿ.

ಆದರೆ ನಾನು ಒತ್ತಿ ಹೇಳಬೇಕಾದ ಮಾತು ಬೇರೆ. ಗಾಣದ ಎಣ್ಣೆಯಲ್ಲಿ ಬೀಜದ ತಪ್ಪು ಮುಚ್ಚಿಡಲು ಆಗುವುದಿಲ್ಲ. ಎರಡನೇ ವರ್ಷ, ಮಳೆಗಾಲದಲ್ಲಿ, ಅಗ್ಗಕ್ಕೆ ಸಿಕ್ಕಿತೆಂದು ನಾಲ್ಕು ಚೀಲ ಬೀಜ ತಂದೆ. ಸರಿಯಾಗಿ ಒಣಗಿರಲಿಲ್ಲ. ಎಣ್ಣೆ ಬಂದ ದಿನ ಘಮ್ ಅಂತಿತ್ತು. ತಿಂಗಳು ತುಂಬುವಷ್ಟರಲ್ಲಿ ಕಮಟು ವಾಸನೆ. ಮನೆ ಮನೆಗೆ ಹೋಗಿ ಡಬ್ಬಿ ವಾಪಸ್ ತಂದೆ. ಈಗ ತೇವ 7 ಶೇಕಡಾ ಮೀರಿದ್ದರೆ ಚೀಲ ಇಳಿಸಿಕೊಳ್ಳುವುದೇ ಇಲ್ಲ.

ಬೂಸ್ಟು ಹಿಡಿದ ಶೇಂಗಾ ಇನ್ನೂ ಅಪಾಯ. ಅದರಲ್ಲಿ ಅಫ್ಲಾಟಾಕ್ಸಿನ್ ಅನ್ನೋ ವಿಷ ಇರಬಹುದು, ಲಿವರ್‌ಗೆ ಕೆಟ್ಟದ್ದು. ರಿಫೈನರಿಯಲ್ಲಿ ಕ್ಷಾರ ಹಾಕಿ ಅದನ್ನು ಬಹುಪಾಲು ತೆಗೆಯುತ್ತಾರೆ. ಗಾಣದಲ್ಲಿ ಹೋಗಲ್ಲ, ಎಕ್ಸ್‌ಪೆಲ್ಲರಿನ ಶಾಖವನ್ನೂ ನೆಚ್ಚಿಕೊಳ್ಳಬೇಡಿ. ಕಪ್ಪಾದ, ಮುರುಟಿದ ಬೀಜವನ್ನು ಕೈಯಲ್ಲೇ ಆರಿಸಬೇಕು. ನಮ್ಮಲ್ಲಿ ಇಬ್ಬರು ಹೆಂಗಸರು ಬೆಳಗ್ಗೆ ಮಾಡುವುದು ಅದೇ ಕೆಲಸ.

ಗಾಣದ ಎಣ್ಣೆ ಅಂದರೆ ಸುಮ್ನೆ ಮೋಟಾರ್ ಹಾಕಿ ಬಿಡುವುದಲ್ಲ. ಒನಕೆ ತಿರುಗಿದಂತೆ ಒರಳು ಬೆಚ್ಚಗಾಗುತ್ತದೆ. ಕೈಯಿಟ್ಟರೆ ಹಿತವಾಗಿರಬೇಕು, ಚುರುಕ್ ಅನ್ನಬಾರದು. ನಡುವೆ ಒಂದೆರಡು ಬೊಗಸೆ ನೀರು ಚಿಮುಕಿಸುತ್ತೇವೆ. ಆಗ ಪುಡಿ ಒಟ್ಟಾಗಿ ಗೋಡೆಗೆ ಕಚ್ಚಿಕೊಳ್ಳುತ್ತದೆ, ಎಣ್ಣೆ ಬಿಟ್ಟುಕೊಂಡು ಮೇಲೆ ನಿಲ್ಲುತ್ತದೆ. ನೀರು ಜಾಸ್ತಿಯಾದರೆ ಎಣ್ಣೆ ಬೇಗ ಕೆಡುತ್ತದೆ. ಎಳ್ಳಿನಲ್ಲಾದರೆ ಪುಡಿ ಒಟ್ಟಾಗಿಸುವ ಕೆಲಸವನ್ನು ಬೆಲ್ಲ ಮಾಡುತ್ತದೆ. ತೆಗೆದ ಎಣ್ಣೆ ಎರಡು ಮೂರು ದಿನ ಅಲುಗದೆ ನಿಂತರೆ ಮಡ್ಡಿ ತಳಕ್ಕೆ ಕೂರುತ್ತದೆ. ಅಲ್ಲಿತನಕ ಬಾಟಲಿಗೆ ತುಂಬಬೇಡಿ.

ದಿನಕ್ಕೆ ಟನ್‌ಗಟ್ಟಲೆ ಅರೆದು ಸಗಟು ವ್ಯಾಪಾರಿಗೆ ಕೊಡುವುದಾದರೆ ಎಕ್ಸ್‌ಪೆಲ್ಲರೇ ಸರಿ. ಸೋಯಾದಲ್ಲಿ ಎಣ್ಣೆಯೇ 20 ಶೇಕಡಾ ಆಸುಪಾಸು, ಗಾಣಕ್ಕೆ ಗಿಟ್ಟಲ್ಲ. ಹತ್ತಿಬೀಜವನ್ನಂತೂ ಗಾಣಕ್ಕೆ ಹಾಕಲೇಬೇಡಿ. ಅದರ ಗಾಸಿಪಾಲ್ ವಿಷಕಾರಿ, ರಿಫೈನ್ ಮಾಡದೆ ಆ ಎಣ್ಣೆ ತಿನ್ನುವಂತಿಲ್ಲ. ಆದರೆ ನೀವು ಹೇಳಿದ್ದು ಶೇಂಗಾ, ಅದೂ ಊರಿನ ಮನೆಗಳಿಗೆ. ಹಾಗಾದರೆ ಗಾಣವನ್ನೇ ಹಾಕಿ.

ಯಂತ್ರ ನೋಡಲು ಹೋಗುವಾಗ ನಿಮ್ಮದೇ 20 ಕೆಜಿ ಬೀಜ ಒಯ್ಯಿರಿ. ನಿಮ್ಮೆದುರೇ ಹಿಂಡಿಸಿ, ಎಣ್ಣೆಯನ್ನೂ ಹಿಂಡಿಯನ್ನೂ ತೂಗಿ ನೋಡಿ, ಆಮೇಲೆ ಮುಂಗಡ ಕೊಡಿ.